ಎಡಗೈ ಗಂಟು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯೇ ನೀರಿನ ಸ್ಯಾಂಪಲ್. ಡ್ರೈವರ್ ಎಂದಿನಂತೆ ಜೀಪನ್ನು ಶುದ್ಧೀಕರಣ ಘಟಕದ ಗೇಟಿನಲ್ಲೇ ನಿಲ್ಲಿಸಿದ. ಹೊಸ ಫಿಲ್ಟರಿನ ಪಕ್ಕದ ನಲ್ಲಿಯಿಂದ ಬಾಟಲಿ ತುಂಬಿದೆ. ಮುಚ್ಚಳಕ್ಕೆ ಕಾಗದ ಸುತ್ತಿ ದಾರದ ಗಂಟು ಹಾಕಿದೆ. ಚೀಟಿಯ ಮೇಲೆ ಬರೆದದ್ದು ಮಾತ್ರ — ‘ಕೆಳಗಿನ ಬೀದಿ, ಕೊನೆಯ ನಲ್ಲಿ.’ ಇದು ನಮ್ಮ ಲ್ಯಾಬ್ ಸಾಹೇಬರ ಪದ್ಧತಿ. ಫಿಲ್ಟರ್ ಸಪ್ಲೈ ಮಾಡಿದ್ದು ಸಾಹೇಬರ ಬಾಮೈದ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ರಿಪೋರ್ಟ್: ಕುಡಿಯಲು ಯೋಗ್ಯ. ಸಹಿ ನನ್ನದು.

ಸಂಜೆ ತಂಗಿಯ ಫೋನ್. ಅವಳ ಮನೆ ಇರುವುದು ಕೆಳಗಿನ ಬೀದಿಯಲ್ಲೇ.

“ಅಕ್ಕಾ, ನೀರು ಯಾಕೋ ವಾಸನೆ ಬರ್ತಿದೆ. ಪಾಪುಗೆ ಕೊಡ್ಬಹುದಾ?”

“ಚೆನ್ನಾಗಿ ಕಾಯಿಸಿ, ಆರಿಸಿ ಕೊಡು” ಎಂದೆ.

ಆ ಬೀದಿಯ ಮಿಕ್ಕ ಮಕ್ಕಳಿಗೆ ಹೀಗೆ ಹೇಳಲು ಯಾವ ಅಕ್ಕ ಇದ್ದಾಳೆ?

ಮಾರ್ಚ್ 6, ಗುರುವಾರ

ಎಡಚ ಇವತ್ತು ಊಟಕ್ಕೆ ಬರಲಿಲ್ಲ. ಲ್ಯಾಬಿಗೆ ಸೇರಿದಾಗ ಅವನಿಗೆ ಗಂಟು ಹಾಕುವುದನ್ನು ಕಲಿಸಿದವಳು ನಾನು. ಎಷ್ಟು ತಿದ್ದಿದರೂ ಅವನ ಗಂಟು ಉಲ್ಟಾ ತಿರುಗುತ್ತದೆ. ಈ ಹೆಸರು ಇಟ್ಟವಳೂ ನಾನೇ.

“ಯಾಕೋ, ಮುಖ ಊದಿಸ್ಕೊಂಡು ಕೂತಿದೀಯ?”

“ನಿಮಗೆ ರಾತ್ರಿ ನಿದ್ದೆ ಬರತ್ತಾ ಅಕ್ಕ?”

ಚೆನ್ನಾಗಿ ಬರತ್ತೆ ಎಂದೆ. ಸುಳ್ಳು.

ಮಾರ್ಚ್ 14, ಶುಕ್ರವಾರ

ಏನು ಮಾಡಿಬಿಟ್ಟೆ...

ಸಾಹೇಬರು ಚೇಂಬರಿಗೆ ಕರೆದು ಟೀ ತರಿಸಿದರು. ಮೇಜಿನ ಮೇಲೆ ನಮ್ಮದೇ ಬಾಟಲಿ. ಒಳಗೆ ಕಂದು ನೀರು. “ನೋಡಮ್ಮ, ನಮ್ಮ ಬಾಟಲಿ ಎಲ್ಲೆಲ್ಲಿ ಊರು ಸುತ್ಕೊಂಡು ಬಂದಿದೆ” ಎಂದು ನಕ್ಕರು. ತಿರುಗಿಸಿ ನೋಡಿದೆ. ಗಂಟು ಕಂಡಿತು. ನನಗೂ ನಗು ಬಂತು.

“ಅಯ್ಯೋ, ಇದು ನಮ್ಮ ಎಡಚನ ಗಂಟು ಸಾರ್.”

ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದರು. ಹೆಸರಿಲ್ಲದ ದೂರು. ಸ್ಯಾಂಪಲ್ ಎಲ್ಲಿಂದ ತೆಗೆಯುತ್ತೇವೆ, ಫಿಲ್ಟರ್ ಯಾರದು — ಎಲ್ಲ ಇತ್ತು. ಕೆಳಗಿನ ಬೀದಿಯ ನಿಜವಾದ ನೀರಿನ ಜೊತೆ ಮಂತ್ರಿಗಳ ಕಚೇರಿಗೆ ಕಳಿಸಿದ್ದಾನೆ ಹುಡುಗ. ಅವರು ಬಿಚ್ಚಿಯೂ ನೋಡದೆ ಎರಡನ್ನೂ ಸಾಹೇಬರಿಗೇ ಮುಟ್ಟಿಸಿದ್ದಾರೆ. ಕಳ್ಳನ ಕೈಗೇ ಬೀಗದ ಕೈ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಿಗೆ ಜಾರಿತು ಎಂದು ಬರೆಯಲು ಹೊರಟಿದ್ದೆ. ಜಾರಿತೋ, ಸಾಹೇಬರ ಟೀ ಕುಡಿದು ತಾನಾಗಿಯೇ ಓಡಿತೋ?

ಮಾರ್ಚ್ 17, ಸೋಮವಾರ

ಎಡಚ ಸಸ್ಪೆಂಡ್. ಚರಂಡಿ ನೀರು ತುಂಬಿ ಇಲಾಖೆಗೆ ಮಸಿ ಬಳಿದ ಎಂಬ ಆರೋಪ. ವಿಚಾರಣೆ ಇದೆ, ಗಂಟು ಗುರುತಿಸಿದ ಸಾಕ್ಷಿ ನಾನೇ. ಸೀನಿಯರ್ ಪೋಸ್ಟ್ ಖಾಲಿ ಇದೆಯಲ್ಲಮ್ಮ ಎಂದು ಸಾಹೇಬರು ನೆನಪಿಸಿದರು. ಮನೆಯಲ್ಲಿ ಹೇಳಿದರೆ ಇವರದು ಒಂದೇ ಮಾತು: “ನಿನಗ್ಯಾಕೆ ಊರ ಉಸಾಬರಿ?”

ಊರ ಉಸಾಬರಿಗೇ ಅಲ್ಲವೇ ನನಗೆ ಸಂಬಳ. ಮನಸ್ಸಿನಲ್ಲೇ ಹಾಗೆಂದುಕೊಂಡು ಪಾತ್ರೆ ತೊಳೆದೆ.

ಏಪ್ರಿಲ್ 9, ಬುಧವಾರ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ತಂಗಿ ಬಂದಿದ್ದಳು. ಅವಳ ಪಕ್ಕದ ಮನೆಯ ಮಗು ಆಸ್ಪತ್ರೆಯಲ್ಲಿದೆ, ವಾಂತಿ ಭೇದಿ. ಬೀದಿಯಲ್ಲಿ ಇನ್ನೂ ಕೆಲವರಿಗೆ ಅದೇ. ನನ್ನ ಕೈ ಹಿಡಿದುಕೊಂಡು, “ನೀನು ಕಾಯಿಸಿ ಕೊಡು ಅಂದಿದ್ದಕ್ಕೆ ನಮ್ಮ ಪಾಪು ಬಚಾವಾಯ್ತು ಅಕ್ಕ. ನಿನ್ನ ಹೊಟ್ಟೆ ತಣ್ಣಗಿರಲಿ” ಎಂದಳು.

ಕೈ ಬಿಡಿಸಿಕೊಂಡೆ. ಅವಳಿಗೆ ಅರ್ಥವಾಗಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಏಪ್ರಿಲ್ 11, ಶುಕ್ರವಾರ, ಬೆಳಿಗ್ಗೆ

ಡ್ರೈವರನ್ನು ಕರೆಯಲಿಲ್ಲ. ಕೆಳಗಿನ ಬೀದಿಯ ಕೊನೆಯವರೆಗೂ ನಡೆದೇ ಹೋದೆ. ಕೊಡ ಹಿಡಿದು ನಿಂತಿದ್ದ ಹೆಂಗಸು ಜಾಗ ಬಿಟ್ಟಳು.

“ಚೆಕ್ ಮಾಡೋಕೆ ಬಂದ್ರಾ ಮೇಡಂ? ಇಲ್ಲೀವರೆಗೆ ಯಾರೂ ಬಂದಿದ್ದು ನಾನು ನೋಡೇ ಇಲ್ಲ.”

ಚೀಟಿಗಳ ಪ್ರಕಾರ ಪ್ರತಿ ತಿಂಗಳೂ ಬಂದಿದ್ದೇನೆ.

ಬಾಟಲಿ ತುಂಬಿದೆ. ಕಾಗದ ಸುತ್ತಿ ಗಂಟು ಹಾಕಿದೆ, ನನ್ನದೇ ಬಲಗೈ ಗಂಟು. ಸಾಹೇಬರಿಗೂ ಇದರ ಗುರುತು ಸಿಕ್ಕಲಿ.

ಅದೇ ದಿನ, ವಿಚಾರಣೆ ಕೋಣೆಯ ಹೊರಗೆ

ಬೆಂಚಿನ ಆ ತುದಿಯಲ್ಲಿ ಎಡಚ. ಸೊರಗಿಹೋಗಿದ್ದಾನೆ. ಸಾಹೇಬರು ಒಳಗೆ ಹೋಗುತ್ತಾ, “ಧೈರ್ಯವಾಗಿ ಹೇಳಮ್ಮ” ಎಂದರು. ತಪ್ಪಾಯಿತು ಕಣೋ ಎನ್ನಬೇಕಿತ್ತು. ಬ್ಯಾಗ್ ತೆರೆದು ಬಾಟಲಿ ತೋರಿಸಿದೆ. ಬಗ್ಗಿ ನೋಡಿದ.

“ಗಂಟು ಸಡಿಲ ಇದೆ ಮೇಡಂ.”

ಅಕ್ಕ ಹೋಗಿ ಮೇಡಂ. ಸರಿಯೇ. ಬಿಗಿ ಮಾಡಲು ಅಭ್ಯಾಸಬಲದಿಂದ ಕೈ ಚಾಚಿದ.

“ಮುಟ್ಬೇಡ. ನಿನ್ನ ಗಂಟು ಇದಕ್ಕೆ ಬೀಳೋದು ಬೇಡ.”

ನಾನೇ ಬಿಚ್ಚಿ ಬಿಗಿ ಮಾಡಿದೆ. ದಾರ ಮತ್ತೆ ಮತ್ತೆ ಜಾರಿತು. ಜವಾನ ಬಾಗಿಲು ತೆರೆದು ನನ್ನನ್ನು ಕರೆಯುತ್ತಿದ್ದಾನೆ. ಗಂಟಿನ ವಿಷಯ ಅವರು ಕೇಳುವ ಮೊದಲೇ ಹೇಳಿಬಿಡಬೇಕು, ಮೊದಲ ಮಾತು ಇದೇ ಆಗಬೇಕು — ಸ್ಯಾಂಪಲ್ ತೆಗೆಯಲು ಕೆಳಗಿನ ಬೀದಿಗೆ ನಾನು ಇವತ್ತಿನವರೆಗೆ ಒಂದು ದಿನವೂ —