ಗ್ಯಾರೇಜಿನ ಚಿಲಕ

ಮಾರ್ಲೋ ಫಾಲ್ಸ್, ಅಯೋವಾ
ಜುಲೈ 8, 2019

ಪ್ರೀತಿಯ ಡೋರೀನ್‌ಗೆ,

ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವ ಯೋಗ್ಯತೆ ಇಲ್ಲದಿದ್ದರೂ ಕೇಳುತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ ನಿನ್ನ ಅಕ್ಕ ಮರ್ನಾ ಎತ್ತಿಕೊಂಡು, ನೀನು ತೋಟದಲ್ಲಿದ್ದೀಯ ಎನ್ನುತ್ತಾಳೆ. ಡೆಕೋರಾದಲ್ಲಿ ಅವಳಿಗಿರುವುದು ಚಾಪೆಯಗಲದ ತೋಟ. ಎಂಟು ವಾರದಿಂದ ಅದರಲ್ಲಿ ಏನು ಅಗೆಯುತ್ತಿದ್ದೀಯೋ ದೇವರೇ ಬಲ್ಲ. ಕಳೆದ ಸಲವಂತೂ ರೇಡಿಯೊ, ನೋಟ್‌ಬುಕ್ಕು ಹಿಡಿದುಕೊಂಡು ಕೂತಿದ್ದಾಳೆ ಎಂದಳು. ತೋಟಕ್ಕೂ ನೋಟ್‌ಬುಕ್ಕಿಗೂ ಏನು ಸಂಬಂಧ ಎಂದುಕೊಂಡು ಫೋನ್ ಇಟ್ಟೆ. ಅದಕ್ಕೇ ಈಗ ಕಾಗದ. ಇಷ್ಟು ತಡವಾಯಿತೇಕೆ ಎಂದರೆ, ನಿನ್ನ ಕೋಪ ತಣ್ಣಗಾಗಲಿ, ಸ್ವಲ್ಪ ಬಿಡುವು ಕೊಡೋಣ ಎಂದುಕೊಂಡಿದ್ದೆ. ಅಷ್ಟೇ.

ಮೊದಲು ಮನೆಯ ಸುದ್ದಿ. ಟೊಮ್ಯಾಟೊ ಗಿಡಗಳು ಸೊಂಟದೆತ್ತರ ಬಂದಿವೆ. ನಿನ್ನ ರುಬಾರ್ಬ್ ದಂಟುಗಳನ್ನು ಹೊತ್ತಿಗೆ ಸರಿಯಾಗಿ ಕೀಳದೆ ಬಲಿತು ನಾರಾಗಿ ಹೋದವು. ನನ್ನ ಹೆರನ್ಸ್ ತಂಡದ ಅಂಗಿಯ ಜೊತೆ ಬಿಳಿ ಬಟ್ಟೆಯನ್ನೆಲ್ಲ ಮೆಷಿನ್‌ಗೆ ಹಾಕಿ ಈಗ ಬನಿಯನ್ನುಗಳೆಲ್ಲ ನೀಲಿ. ಕಾರ್ಲಾ ಭಾನುವಾರ ಬಂದು ಊಟದ ಪಾತ್ರೆ ಇಟ್ಟು, ಕೂರದೆ ಹೋಗುತ್ತಾಳೆ. ಮಗಳು ನಿನ್ನ ಪಕ್ಷ, ಇರಲೇಬೇಕು. ಹೋದ ವಾರ ಪಾತ್ರೆಗೆ ಒಂದು ಚೀಟಿ ಅಂಟಿಸಿದ್ದಳು, ನನ್ನ ಹೆಸರು ಕೂಡ ಇರಲಿಲ್ಲ. ‘ಬಿಸಿ ಮಾಡಿ ತಿನ್ನುವುದು’ ಎಂದಷ್ಟೇ.

ಇನ್ನು ಹೆರನ್ಸ್. ಅದರ ಮಾತೇ ಎತ್ತಬಾರದು ಎಂದುಕೊಂಡು ಪೆನ್ನು ಹಿಡಿದೆ, ಆದರೆ ಎತ್ತದೆ ಈ ಕಾಗದ ಮುಂದೆ ಹೋಗುವುದಿಲ್ಲ. ಮೇ ತಿಂಗಳಲ್ಲಿ ಪಟ್ಟಿಯ ತಳ ಹಿಡಿದು ಕೂತಿದ್ದ ಬೇಸ್‌ಬಾಲ್ ತಂಡ ಇದು. ಹೆಸರಿನಲ್ಲೇ ಕೊಕ್ಕರೆ ಇರುವುದರಿಂದ ಬೇರೆ ಊರಿನವರು ಒಂಟಿ ಕಾಲಿನ ಕೊಕ್ಕರೆಗಳು ಎಂದು ಆಡಿಕೊಂಡು ನಗುತ್ತಿದ್ದರು. ನೀನು ಹೋದ ಮೇಲೆ ಐವತ್ತು ಆಟ ಆಡಿ ಮೂವತ್ತೆಂಟು ಗೆದ್ದಿದ್ದಾರೆ. ಊರಿಗೆ ಹುಚ್ಚು ಹಿಡಿದಿದೆ. ಬ್ಯಾಂಕಿನ ಹುಡುಗಿಯರು ಕೂಡ ನೀಲಿ ಟೋಪಿ ಹಾಕಿಕೊಂಡು ಕೂರುತ್ತಾರೆ.

ಹದಿನೈದು ದಿನದ ಹಿಂದೆ ಕ್ಷೌರದಂಗಡಿಯಲ್ಲಿದ್ದೆ. ಪಕ್ಕದ ಮನೆ ಲೆಲ್ಯಾಂಡ್ ನಿನಗೆ ಗೊತ್ತಲ್ಲ, ನಾಲಿಗೆಗೆ ಎಲುಬಿಲ್ಲದವನು. ಎಲ್ಲರೆದುರು ಹೇಳಿದ: "ಎಲ್ಲಾ ಡೋರೀನ್ ಕಾಲ್ಗುಣ ಕಣಯ್ಯಾ. ಸೆಪ್ಟೆಂಬರ್‌ವರೆಗೂ ಅವಳನ್ನ ಅಲ್ಲೇ ಇರೋಕೆ ಬಿಡು, ಕಪ್ ಬಂದ್ಮೇಲೆ ಕರ್ಕೊಂಡು ಬರೋಣ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಡೋರೀನ್. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕೂತವನಿಗೆ ಎದುರಿಗೇ ಕನ್ನಡಿ. ನಗುತ್ತಿರುವ ನನ್ನ ಮುಖ ನನಗೇ ಕಂಡಿತು. ಅರವತ್ತೆಂಟು ವರ್ಷದ ಮುದುಕ, ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಹಲ್ಲು ಬಿಡುತ್ತಾ ಕೂತಿದ್ದಾನೆ. ಅವತ್ತಿನಿಂದ ಅಲ್ಲಿಗೆ ಹೋಗಿಲ್ಲ. ಕೂದಲು ಅರ್ಧಂಬರ್ಧ ಬೆಳೆದು ಕೆದರಿಕೊಂಡಿದೆ.

ಇದು ಶುರುವಾದದ್ದು ತಮಾಷೆಗೆ ಎನ್ನುವುದು ನಿನಗೂ ನೆನಪಿರಬೇಕು. ಈ ಮನೆ ಕೊಂಡ ಮರುವರ್ಷ, 1989ರ ಬೇಸಿಗೆ. ಲೆಲ್ಯಾಂಡ್ ಜೊತೆ ಟಿವಿ ಮುಂದೆ ಕೂತಿದ್ದೆವು, ನಮ್ಮವರು ಐದು ರನ್ ಹಿಂದಿದ್ದರು. ನೀನು ಒಣಗಿದ ಬಟ್ಟೆ ತರಲು ಹೊರಗೆ ಹೋದೆ, ನಮ್ಮವರು ಮೇಲಿಂದ ಮೇಲೆ ಮೂರು ರನ್ ಹೊಡೆದರು. ನೀನು ಒಳಗೆ ಬಂದೆ, ಇಬ್ಬರು ಔಟಾದರು. ಇವಳನ್ನು ಇನ್ನೊಂದು ಸಲ ಬಟ್ಟೆ ತರಲು ಕಳಿಸು ಎಂದ ಲೆಲ್ಯಾಂಡ್. ನೀನು ಖಾಲಿ ಬುಟ್ಟಿ ಹಿಡಿದು ನಗುತ್ತಾ ಹೋದೆ, ನಾವು ಗೆದ್ದೆವು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನೇ. ಆ ಒಂದು ನಗುವನ್ನೇ ಒಪ್ಪಿಗೆ ಎಂದುಕೊಂಡು ಮೂವತ್ತು ವರ್ಷ ನಡೆಸಿಬಿಟ್ಟೆ.

ಆಮೇಲೆ ಬಾಯಿ ಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಒಂಬತ್ತು ಇನ್ನಿಂಗ್ಸ್‌ನಲ್ಲಿ ಏಳು ಮುಗಿದೂ ನಾವು ಹಿಂದಿದ್ದರೆ ನಾನು ನಿನ್ನ ಕಡೆ ಒಮ್ಮೆ ನೋಡುತ್ತಿದ್ದೆ. ನೀನು ಹೆಣಿಗೆ ಎತ್ತಿಕೊಂಡು, ಅಡುಗೆಮನೆ ದಾಟಿ, ಗ್ಯಾರೇಜಿಗೆ ಹೋಗುತ್ತಿದ್ದೆ. ಏಪ್ರಿಲ್ ಚಳಿಯಲ್ಲಿ ಕೋಟು ಹಾಕಿಕೊಂಡು ಹೋಗುತ್ತಿದ್ದೆ. ಅಲ್ಲಿ ಬೇಜಾರಾಗುತ್ತದೆಯೇ ಎಂದು ಒಂದೇ ಒಂದು ಸಲ ಕೇಳಿದ್ದೇನೆ. ನೆಮ್ಮದಿಯಾಗಿರುತ್ತದೆ ಎಂದೆ ನೀನು. ನನಗೆ ಬೇಕಾದ ಉತ್ತರ ಸಿಕ್ಕಿತು, ಎರಡನೇ ಸಲ ಕೇಳಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇಲಿಯನ್ನು ವಿಚಾರಿಸಿಕೊಂಡ ಬೆಕ್ಕು ಉಂಟೇ?

ಚಿಲಕದ ವಿಷಯ ಬರೆಯಲೋ ಬೇಡವೋ ಎಂದು ಇಲ್ಲಿಗೆ ಬಂದು ಎದ್ದು ಹೋಗಿದ್ದೆ, ಕಾಫಿ ಕುಡಿದು ಬಂದು ಕೂತಿದ್ದೇನೆ. ಅದನ್ನು ಹಾಕಿದ್ದು ಯಾಕೆ ಎಂದು ಕಾರ್ಲಾಗೆ ಗೊತ್ತಿಲ್ಲ. ಲೆಲ್ಯಾಂಡ್‌ಗೂ ಗೊತ್ತಿಲ್ಲ. ಯಾವುದೋ ಒಂದು ವರ್ಷ ಎಂಟನೇ ಇನ್ನಿಂಗ್ಸ್‌ನಲ್ಲಿ ನೀನು ನೀರು ಕುಡಿಯಲು ಒಳಗೆ ಬಂದೆ, ಅದೇ ಹೊತ್ತಿಗೆ ನಾವು ಎರಡು ರನ್ ಕೊಟ್ಟೆವು. ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಹಿತ್ತಾಳೆ ಚಿಲಕ ತಂದು, ಗ್ಯಾರೇಜಿನ ಬಾಗಿಲಿಗೆ ಅಡುಗೆಮನೆಯ ಕಡೆಯಿಂದ ಹಾಕಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ ಎಂದು ನಿನಗೆ ಹೇಳಿದೆ. ಆ ಬಾಗಿಲಿಗೆ ಗಾಳಿ ಎಲ್ಲಿಂದ ಬರಬೇಕು? ನೀನು ಒಮ್ಮೆ ಚಿಲಕ ನೋಡಿದೆ, ಒಮ್ಮೆ ನನ್ನನ್ನು ನೋಡಿದೆ. ನೀನು ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅದೂ ನಿನ್ನ ಮೇಲೆ ಹೊರೆ ಹಾಕುವ ಮಾತೇ, ಬಿಡು.

2011ರ ಕಪ್. ಇಪ್ಪತ್ತಾರು ವರ್ಷದ ಮೇಲೆ ಬಂದದ್ದು, ಸೆಪ್ಟೆಂಬರಿನ ಭಾನುವಾರ ಮಧ್ಯಾಹ್ನ. ಕೊನೆಯ ಚೆಂಡು ಕ್ಯಾಚ್ ಆದದ್ದೇ ತಡ, ನಾನು ಚಪ್ಪಲಿಯಿಲ್ಲದೆ ಬೀದಿಗೆ ಓಡಿದೆ. ಲೆಲ್ಯಾಂಡ್ ಕಾರಿನ ಹಾರ್ನ್ ಒತ್ತಿ ಹಿಡಿದಿದ್ದ. ಬೀದಿಯವರೆಲ್ಲ ತಬ್ಬಿಕೊಂಡೆವು, ಅವನ ಅಂಗಳದಲ್ಲಿ ಬಿಯರ್ ಕುಡಿದೆವು. ಒಂದು ಗಂಟೆ ಆಗಿರಬೇಕು. ಆಗ ನೀನು ಗ್ಯಾರೇಜಿನ ದೊಡ್ಡ ಬಾಗಿಲು ಎತ್ತಿಕೊಂಡು, ಮನೆ ಸುತ್ತಿ, ಹೆಣಿಗೆಯ ಚೀಲ ಹಿಡಿದು ಬೀದಿಗೆ ಬಂದೆ. ನಾನು ನಿನ್ನನ್ನು ಏನು ಕೇಳಿದೆ ನೆನಪಿದೆಯೇ? "ಎಲ್ಲಿದ್ದೆ ಇಷ್ಟೊತ್ತು?"

"ಇಲ್ಲೇ ಇದ್ದೆ" ಅಂದೆ ನೀನು.

ಅಂದಿನಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ನಾನು ಆ ಕಥೆ ಹೇಳುತ್ತಾ ಬಂದಿದ್ದೇನೆ. ನಾನೂ ಡೋರೀನೂ ಕೈ ಹಿಡಿದುಕೊಂಡು ಸೋಫಾ ಮೇಲೆ ಕುಣಿದೆವು ಎನ್ನುತ್ತೇನೆ. ಸ್ಪ್ರಿಂಗ್ ಕಿತ್ತು ಹೋದದ್ದು ಅವತ್ತೇ ಎನ್ನುತ್ತೇನೆ. ಎಂಟು ವರ್ಷ ಆ ಸುಳ್ಳನ್ನು ನಿನ್ನ ಮುಖದ ಎದುರೇ ಹೇಳಿದೆ, ನೀನು ಆಲೂಗಡ್ಡೆಯ ಬಟ್ಟಲನ್ನು ಪಕ್ಕದವರಿಗೆ ದಾಟಿಸುತ್ತಾ ಕೂತಿರುತ್ತಿದ್ದೆ. ಹೇಳಿ ಹೇಳಿ ನನಗೇ ಅದು ನಿಜವಾಗಿ ಹೋಗಿತ್ತು. ನಾಚಿಕೆಯಿಲ್ಲದವನು ಊರಿಗೆ ದೊಡ್ಡವನು ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಇನ್ನು ಈ ವರ್ಷದ ತಾಯಂದಿರ ದಿನ. ನಿನ್ನ ಹೆಸರಿನ ಹಬ್ಬ, ನಿನ್ನದೇ ಮನೆ, ನೀನೇ ಮಾಡಿದ ಪೈ. ಎಂಟನೇ ಇನ್ನಿಂಗ್ಸ್, ಎರಡು ರನ್ ಹಿಂದಿದ್ದೇವೆ. ನಾನು ನಿನ್ನ ಕಡೆ ನೋಡಿರಲಿಲ್ಲ, ದೇವರಾಣೆ. ನೋಡುವ ಅಗತ್ಯವೇ ಬೀಳಲಿಲ್ಲ. ಆರು ವರ್ಷದ ಮೊಮ್ಮಗಳು ಟೆಸ್ಸಾ ಎದ್ದು ಬಂದು ನಿನ್ನ ಕೈ ಹಿಡಿದು ಎಳೆದಳು.

"ಅಜ್ಜಿ, ನೀನು ಹೊರಗೆ ಹೋಗು. ನಮಗೆ ರನ್ ಬೇಕು."

ಎಷ್ಟು ಮುದ್ದಾಗಿ ಹೇಳಿದಳು! ಹಲ್ಲುಜ್ಜು, ಮಲಗು ಎಂದು ಹೇಳಿದಷ್ಟೇ ಸಹಜವಾಗಿ. ನೀನು ನನ್ನನ್ನು ನೋಡಿದೆ. ನಾನು ತೊಡೆ ತಟ್ಟಿಕೊಂಡು ನಕ್ಕೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುವುದು ಇದಕ್ಕೇ. ಅವಳು ನಿನ್ನನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟಳು, ಕಾಲ್ಬೆರಳ ಮೇಲೆ ನಿಂತು ಚಿಲಕವನ್ನೂ ಹಾಕಿದಳು. ಹಾಕುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ನನ್ನನ್ನು ನೋಡಿ ಕಲಿತಿದ್ದಳು. ಎರಡು ನಿಮಿಷಕ್ಕೆ ನಮ್ಮವರು ಹೋಮ್ ರನ್ ಹೊಡೆದರು, ಮೂರು ರನ್ ಬಂದವು. ಅದರ ಗಲಾಟೆಯಲ್ಲೇ ಕಾರು ಹೊರಟ ಸದ್ದು ಕೇಳಿತು. ಐಸ್‌ಕ್ರೀಮ್ ತರಲು ಹೋಗಿರಬೇಕು ಎಂದೆ ಕಾರ್ಲಾಗೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಹೋದ ಬುಧವಾರ ಟೆಸ್ಸಾಗೆ ಫೋನ್ ಮಾಡಿದೆ. ಅಜ್ಜಿ ಹೊರಗೆ ಹೋಗುವುದಕ್ಕೂ ರನ್ ಬರುವುದಕ್ಕೂ ಏನೂ ಸಂಬಂಧವಿಲ್ಲ, ತಾತ ಹೇಳಿದ್ದೆಲ್ಲ ಸುಳ್ಳು ಎಂದೆ. ಮತ್ತೆ ಅಜ್ಜಿ ಯಾಕೆ ಹೋಗುತ್ತಿದ್ದರು ಎಂದು ಕೇಳಿತು ಮಗು. ನಾನು ಕಳಿಸುತ್ತಿದ್ದೆ ಎಂದೆ. ಅದಕ್ಕೆ ಅವಳು, "ಅಜ್ಜಿಗೆ ಚಳಿ ಆಗ್ತಿತ್ತಾ?" ಅಂದಳು. ಮೂವತ್ತು ವರ್ಷದಲ್ಲಿ ನನ್ನ ತಲೆಗೆ ಹೊಳೆಯದ ಪ್ರಶ್ನೆ. ಅಮ್ಮನಿಗೆ ಫೋನ್ ಕೊಡು ಎಂದೆ.

ಉತ್ತರ ಹುಡುಕಲು ಹೋದೆ ಎಂದರೆ ಸುಳ್ಳಾಗುತ್ತದೆ. ತೋಟದ ಪೈಪು ಹುಡುಕಲು ಗ್ಯಾರೇಜಿಗೆ ಹೋದೆ. ನಿನ್ನ ಮಡಚುವ ಕುರ್ಚಿಯ ಹಿಂದಿನ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ, ಅಂಗೈಯಗಲದ ರೇಡಿಯೊ. ಅದರ ಪಕ್ಕ ಹದಿಮೂರು ನೋಟ್‌ಬುಕ್ಕುಗಳು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು. ನಾನು ಅಲ್ಲೇ ನಿನ್ನ ಕುರ್ಚಿಯಲ್ಲಿ ಕೂತು ಓದಿದೆ. ಒಂದೊಂದು ಆಟ, ಒಂದೊಂದು ಪುಟ. ಪೆನ್ಸಿಲ್ಲಿನ ಪುಟ್ಟ ಪುಟ್ಟ ಚೌಕಗಳಲ್ಲಿ ಯಾರು ಎಸೆದ, ಯಾರು ಹೊಡೆದ, ಯಾರು ಔಟಾದ, ಒಂದೂ ಬಿಟ್ಟಿಲ್ಲ. ಚೆಂಡು ಎಸೆಯುವ ಯಾವ ಪಿಚರ್‌ನ ಭುಜ ಯಾವ ಇನ್ನಿಂಗ್ಸ್‌ಗೆ ಸೋಲುತ್ತದೆ ಎಂದು ಅಂಚಿನಲ್ಲಿ ಬರೆದಿದ್ದೀಯ. ಕಂಡಕಂಡವರ ಮುಂದೆ ನಿನಗೆ ಬೇಸ್‌ಬಾಲ್ ತಲೆಬುಡ ತಿಳಿಯದು ಎಂದು ಹೇಳಿಕೊಂಡು ತಿರುಗಿದವನು ನಾನು. 2004ರಲ್ಲಿ ಆ ರನ್ ಯಾರ ತಪ್ಪಿನಿಂದ ಹೋಯಿತು ಎಂದು ಲೆಲ್ಯಾಂಡ್ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದೆನಲ್ಲ, ನಿನ್ನ ಪುಸ್ತಕದ ಪ್ರಕಾರ ಅವನೇ ಸರಿ. ಅವನಿಗೆ ಇನ್ನೂ ಹೇಳಿಲ್ಲ.

ಕಪ್ ಗೆದ್ದ ದಿನದ ಪುಟವನ್ನೂ ನೋಡಿದೆ. ಕೊನೆಯ ಚೌಕ ತುಂಬಿದ ಮೇಲೆ ಕೆಳಗೆ ಬರೆದಿದ್ದೀಯ: ‘ಗೆದ್ದೆವು! ಇನ್ನು ಒಳಗೆ ಹೋಗಬಹುದೇನೋ.’

ನನಗೆ ಅಳು ಬಂತು, ಡೋರೀನ್. ಪೈಪು ಹುಡುಕುವುದು ಮರೆತು ಹೋಯಿತು. ನೀನು ಎದ್ದು ಬಂದು ಬಾಗಿಲು ನೂಕಿರಬೇಕು, ಅದು ತೆರೆದುಕೊಂಡಿರಲಿಲ್ಲ. ಮತ್ತೆ ಹೋಗಿ ಕೂತಿರಬೇಕು. ನಾನು ಬೀದಿಯಲ್ಲಿ ಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದೆ. ಒಟ್ಟಿಗೆ ಕೂತು ನೋಡಬಹುದಾಗಿದ್ದ ಎಷ್ಟು ಸಾವಿರ ಇನ್ನಿಂಗ್ಸ್‌ಗಳನ್ನು ಕೈಯಾರೆ ಹಾಳು ಮಾಡಿಕೊಂಡೆ!

ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಆದರೂ ನೀನಿಲ್ಲದೆ ಈ ಮನೆಯಲ್ಲಿ ನನಗೆ ಇರಲಾಗುತ್ತಿಲ್ಲ, ಅದನ್ನು ಹೇಳದೆ ಕಾಗದ ಮುಗಿಸಿದರೆ ಇನ್ನೊಂದು ಸುಳ್ಳಾಗುತ್ತದೆ. ಬರುವೆಯಾದರೆ ಯಾವಾಗಲಾದರೂ ಬಾ, ಒಂಬತ್ತನೇ ಇನ್ನಿಂಗ್ಸ್‌ನ ನಟ್ಟನಡುವೆ ಬಾ. ಚಿಲಕ ಬಿಚ್ಚಿ ಎಸೆದಿದ್ದೇನೆ. ಸ್ಕ್ರೂ ಇದ್ದ ನಾಲ್ಕು ತೂತುಗಳು ಹಾಗೇ ಕಾಣುತ್ತವೆ. ತೂತು ಮುಚ್ಚುವ ಲಪ್ಪ ತುಂಬಿ ಬಣ್ಣ ಬಳಿಯೋಣ ಎಂದು ಹೊರಟಿದ್ದೆ, ಆಮೇಲೆ ಬೇಡವೆನ್ನಿಸಿತು, ಕಾಫಿ ಮಾಡಲು ಹೋದಾಗಲೆಲ್ಲ ಕಣ್ಣಿಗೆ ಬೀಳಲಿ. ಬರದಿದ್ದರೂ ನಾನು ನಿನ್ನನ್ನು ದೂರುವುದಿಲ್ಲ. ನಿನ್ನ ಪುಸ್ತಕಗಳನ್ನು ಬೇಕೆಂದರೆ ಡೆಕೋರಾಕ್ಕೆ ತಂದು ಮೆಟ್ಟಿಲ ಮೇಲಿಟ್ಟು ವಾಪಸು ಬರುತ್ತೇನೆ, ಬಾಗಿಲು ತಟ್ಟುವುದಿಲ್ಲ.

ತಲೆ ತಗ್ಗಿಸಿಕೊಂಡು,
ನಿನ್ನ ವೆಂಡೆಲ್

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದ್ದು: ನಿನಗೆ ಬಿಡುವು ಕೊಡೋಣ ಎಂದುಕೊಂಡಿದ್ದೆ ಎಂದು ಮೊದಲ ಪುಟದಲ್ಲಿ ಬರೆದದ್ದು ಸುಳ್ಳು. ಎಂಟು ವಾರದಲ್ಲಿ ನಾನು ಫೋನ್ ಮಾಡಿದ್ದು ನಾಲ್ಕೇ ಸಲ. ಮೇ 21, ಜೂನ್ 3, ಜೂನ್ 14, ಜೂನ್ 30. ನಾಲ್ಕೂ ನಾವು ಸೋತ ಮರುಬೆಳಿಗ್ಗೆಗಳು. ಗೆದ್ದ ದಿನಗಳಲ್ಲಿ ಫೋನಿನ ಹತ್ತಿರವೂ ಸುಳಿಯಲಿಲ್ಲ, ನೀನು ಎಲ್ಲಿ ಬಂದುಬಿಡುತ್ತೀಯೋ, ಗೆಲುವು ಎಲ್ಲಿ ನಿಂತುಬಿಡುತ್ತದೋ ಎಂದು. ಮರ್ನಾ ಹೇಳಿದ ನೋಟ್‌ಬುಕ್ಕು ಏನೆಂದು ಈಗ ನನಗೆ ಗೊತ್ತು. ಹಾಗಾದರೆ ನಾನು ಯಾವ ಯಾವ ದಿನ ಫೋನ್ ಮಾಡಿದೆ ಎಂದು ನೀನು ಯಾವತ್ತೋ ತಾಳೆ ನೋಡಿರುತ್ತೀಯ. ನೀನು ಫೋನಿಗೆ ಬರದೇ ಇದ್ದದ್ದು ಅದಕ್ಕೇ. ಈ ಕಾಗದವನ್ನು ಈಗಲೇ ಅಂಚೆ ಡಬ್ಬಿಗೆ ಹಾಕಲು ಹೋಗುತ್ತಿದ್ದೇನೆ. ನಿನ್ನ ರೇಡಿಯೊ ಮೇಜಿನ ಮೇಲಿದೆ, ಎಂಟನೇ ಇನ್ನಿಂಗ್ಸ್, ಎರಡು ರನ್ ಮುಂದಿದ್ದೇವೆ. ಆದರೂ ಹಾಕುತ್ತಿದ್ದೇನೆ. ‘ಆದರೂ’ ಎಂದು ಬರೆದೆ ನೋಡು, ಆ ರೋಗ ಇನ್ನೂ ಪೂರ್ತಿ ಬಿಟ್ಟಿಲ್ಲ ನನ್ನನ್ನು.