ಹೊಸಬರಿಗೆ ಬೆದರುವ ಮೀನು

ಅಕ್ಕನ ಮನೆ,
ಗುರುವಾರ ಬೆಳಿಗ್ಗೆ

ನಮ್ಮ ಮನೆಯವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ಇವತ್ತು ಇಲ್ಲ. ಅಕ್ಕನಿಗೆ ಸೊಂಟ ನೋವು, ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೇಳಿ ಬಂದೆನಲ್ಲ, ಅದು ಸುಳ್ಳು. ಅವಳ ಸೊಂಟ ಕಬ್ಬಿಣದ ಹಾಗಿದೆ. ನಿಮ್ಮ ಮುಖ ನೋಡುತ್ತ ಈ ಮಾತು ಕೇಳಲಾರದೆ ಬಂದೆ.

ನಮ್ಮದು ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ಅರೋವನ ಮೀನು. ಜೊತೆಗೆ ಇನ್ನೊಂದು ಬಿಟ್ಟರೆ ನುಂಗಿ ಹಾಕುತ್ತದೆ. ಪ್ರತಿ ವಾರ ನೀರು ಬದಲಿಸಬೇಕು, ಆ ನೀರನ್ನು ಹಿಂದಿನ ದಿನವೇ ಹಿಡಿದಿಡಬೇಕು. ಕೊಡ ಹೊತ್ತವಳು ನಾನು. ಬೇಸರವಿರಲಿಲ್ಲ. ನಮ್ಮವರು ಕುಡಿಯೋದಿಲ್ಲ, ಮೀನು ಸಾಕ್ತಾರೆ ಎಂದು ನಮ್ಮ ಹೊಲಿಗೆ ಲೈನಿನ ತುಂಬ ಹೇಳಿಕೊಂಡು ತಿರುಗಿದವಳೂ ನಾನೇ.

ನಮ್ಮ ಗಾರ್ಮೆಂಟ್ಸ್ ಕಂಪನಿಯಲ್ಲಿ ಹೊಲಿಗೆ ಕೋಣೆಯ ಹಿಂಬಾಗಿಲಿಗೆ ಬೀಗ ಹಾಕುತ್ತಾರೆ. ಅದೇ ಕಂಪನಿಯ ಗೋದಾಮಿನಲ್ಲಿ ದುಡಿಯುವ ನೀವೂ ಆ ಬೀಗ ನೋಡಿದವರೇ. ಬೆಂಕಿ ಬಿದ್ದರೆ ಮುನ್ನೂರು ಹೆಂಗಸರು ಕರಕಲು. ಬೀಗ ತೆಗೆಯಿರಿ ಎಂಬ ಮನವಿಗೆ ಏಳು ಜನ ಸಹಿ ಹಾಕಿದ್ದು ಆ ತೊಟ್ಟಿಯ ಪಕ್ಕದಲ್ಲಿ. ಪಂಪಿನ ಸದ್ದಿಗೆ ಮಾತು ಬೀದಿಗೆ ಕೇಳಿಸುವುದಿಲ್ಲ ಎಂದು ಅಲ್ಲಿಗೆ ಕರೆಸಿದವರು ನೀವು. ನಾವು ಮಾತಾಡುವಷ್ಟು ಹೊತ್ತೂ ಗಾಜು ಒರೆಸುತ್ತಿದ್ದಿರಿ. ಒಂದೇ ಗಾಜನ್ನು ಎಷ್ಟು ಹೊತ್ತು ಒರೆಸುತ್ತಾರೆ?

ಮನವಿ ಸೋಮವಾರ ಕೊಡುವುದಿತ್ತು. ಶನಿವಾರವೇ ಆರು ಜನರನ್ನು ಕೆಲಸದಿಂದ ತೆಗೆದರು. ಕಾರಣ, ಹೊಲಿಗೆ ಸರಿಯಿಲ್ಲ. ಮೂವತ್ತು ವರ್ಷ ಕಾಲರ್ ಹೊಲಿದ ಕಾಲರಜ್ಜಿಗೆ ಹೊಲಿಗೆ ಬರುವುದಿಲ್ಲವಂತೆ!

ಏಳನೆಯವಳಾದ ನನ್ನನ್ನು ಯಾರೂ ಮುಟ್ಟಲಿಲ್ಲ. ಸೋಮವಾರ ಗೇಟಿನ ಹತ್ತಿರ ಕಾಲರಜ್ಜಿ ಅಡ್ಡ ನಿಂತಳು. "ಏನಮ್ಮ, ನಿನ್ನ ಹೆಸರು ಬರೆಯೋ ಹೊತ್ತಿಗೆ ಸಾಹೇಬರ ಪೆನ್ನಲ್ಲಿ ಇಂಕು ಖಾಲಿ ಆಯ್ತಾ?" ಉಳಿದವರು ನಕ್ಕರು. ಅವತ್ತಿನಿಂದ ನಾನು ಕಂಪನಿಗೆ ಮಾರಿಕೊಂಡವಳು.

ಮರುದಿನ ಬೆಳಿಗ್ಗೆ ಫ್ಲೋರ್ ಮ್ಯಾನೇಜರ್ ಮನೆಗೆ ಬಂದ. ಮೊದಲ ಸಲ ಬರ್ತಿದ್ದೀರಿ ಎಂದು ನೀವು ಕುರ್ಚಿ ಎಳೆದಿರಿ. ನನ್ನನ್ನು ಸೂಪರ್‌ವೈಸರ್ ಮಾಡುವ ಮಾತಾಡಿದ. ನಾನು ಮೀನನ್ನು ನೋಡುತ್ತಿದ್ದೆ.

ಹೊಸಬರು ಬಂದರೆ ಅದು ಮೂಲೆಗೆ ನುಗ್ಗಿ ಮುಚ್ಚಳಕ್ಕೆ ತಲೆ ಚಚ್ಚಿಕೊಳ್ಳುತ್ತದೆ. ಅಕ್ಕ ಐದು ಸಲ ಬಂದಳು, ಐದು ಸಲವೂ ಅಡಗಿತು. ನನ್ನ ಕೈಯಿಂದ ಸಿಗಡಿ ತಿನ್ನಲಿಕ್ಕೆ ಎರಡು ತಿಂಗಳು ಹಿಡಿಯಿತು. ಕೈ ಪರಿಚಯ ಆಗಬೇಕು, ಆತುರಪಡಬೇಡ ಎಂದು ಕಲಿಸಿದವರು ನೀವೇ. ಅಂಥ ಮೀನು, ಅವನು ಗಾಜಿನ ಬಳಿ ಹೋದದ್ದೇ ತಡ, ಸರ್ರನೆ ಮೇಲೆ ಬಂತು. ಅವನ ಕೈ ಹೋದ ಕಡೆಗೆಲ್ಲ ಹೋಯಿತು. ಬಾಯಿ ತೆರೆಯಿತು. ಅವನು ಕೈಯನ್ನು ಜೇಬಿಗೆ ಹಾಕಿದ. ನೀವು ತೊಟ್ಟಿಯ ದೀಪ ಆರಿಸಿದಿರಿ.

ನಾನು ಎರಡನೇ ಪಾಳಿಯಲ್ಲಿ ದುಡಿಯುವಾಗ ಅವನು ಎಷ್ಟು ಸಂಜೆ ಬಂದು ಸಿಗಡಿ ತಿನ್ನಿಸಿ ಹೋದ? ಹಳೆಯ ತೊಟ್ಟಿಯಲ್ಲಿ ಮೀನಿಗೆ ಹೊರಳಲು ಜಾಗವಿಲ್ಲ ಎಂದು ನೀವು ಊಟ ಬಿಟ್ಟು ಕೊರಗಿದಿರಲ್ಲ, ಆಗ ಈ ದೊಡ್ಡ ತೊಟ್ಟಿ ಕೊಟ್ಟ ಆ 'ಒಬ್ಬ ಗೆಳೆಯ' ಯಾರು? ನಿಮ್ಮ ಮೀನು ಉದ್ದವಾಗಲಿ ಎಂದು ಆರು ಮನೆಯ ಅನ್ನಕ್ಕೆ ಮಣ್ಣು ಹಾಕಿದಿರಾ? ನನ್ನ ಹೆಸರೊಂದನ್ನು ಬಿಡಿಸಿದ್ದು ಪ್ರೀತಿ ಅಂದುಕೊಂಡಿದ್ದರೆ, ಅಂಥ ಪ್ರೀತಿಗೆ ಬೆಂಕಿ ಬೀಳಲಿ.

ಅನುಮಾನ ತಪ್ಪಾಗಿದ್ದರೆ ನಿಮ್ಮ ಕಾಲು ಹಿಡಿಯುತ್ತೇನೆ. ನಿಜವಾಗಿದ್ದರೆ, ಆ ಆರು ಜನ ಕೊಟ್ಟ ದೂರಿಗೆ ಬರುವ ಸೋಮವಾರ ಕಾರ್ಮಿಕ ಕಚೇರಿಯಲ್ಲಿ ನಡೆಯುವ ವಿಚಾರಣೆಗೆ ಬನ್ನಿ. ಮನವಿಯ ಸುದ್ದಿ ಮ್ಯಾನೇಜರ್‌ಗೆ ಮುಟ್ಟಿಸಿದವನು ನಾನು ಎಂದು ಬಾಯಿಬಿಟ್ಟು ಹೇಳಿ. ಹೊಲಿಗೆ ಸರಿಯಿಲ್ಲ ಎಂಬ ಕಂಪನಿಯ ಸುಳ್ಳು ಅಲ್ಲೇ ಬೀಳುತ್ತದೆ, ಆರು ಜನ ಮತ್ತೆ ಮೆಷಿನ್ ಮುಂದೆ ಕೂರುತ್ತಾರೆ. ನಾನು ಇದುವರೆಗೆ ಯಾರ ಮುಂದೆಯೂ ನಿಮ್ಮ ಹೆಸರು ಎತ್ತಿಲ್ಲ. ಹೇಳಬೇಕಾದವರು ನೀವು.

ಇಂತಿ,
ನಿಮ್ಮ ಹೆಂಡತಿ,
ಮೂರನೇ ಲೈನಿನ ದರ್ಜಿ

ಇನ್ನೊಂದು ಮಾತು: ಇದನ್ನು ಅಂಚೆಗೆ ಹಾಕುತ್ತಿಲ್ಲ. ಕಾಲರಜ್ಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುತ್ತಾಳೆ. ಅವಳಿಗೆ ಓದು ಬಾರದು. ಒಳಗೆ ಏನಿದೆ ಎಂದು ಕೇಳಿದಳು. ನಿನ್ನ ವಿಷಯವೇ ಇದೆ, ಅವರೇ ಓದಿ ಹೇಳುತ್ತಾರೆ ಎಂದೆ.