ತಿಥಿಯಾದ ಮೇಲೆ ತಾಳಿ

ಲಷ್ಕರ್ ಮೊಹಲ್ಲಾ, ಮೈಸೂರು
ಭಾನುವಾರ, ೩-೩-೧೯೫೭

ಮ|| ರಾ|| ನಿಂಗಯ್ಯನವರಿಗೆ ಮಂಗಳಮ್ಮ ಮಾಡುವ ನಮಸ್ಕಾರಗಳು.

ಹೆಸರು ನೋಡಿ ಗಾಬರಿಯಾಗಬೇಡಿ. ಮದುವೆಯಾದ ಹದಿಮೂರು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿಲ್ಲ, ಕೈಯಲ್ಲಿ ಬರೆದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ನಿಮ್ಮ ತಾಯಿಯೇ ನನಗೆ ಹೇಳಿಕೊಟ್ಟಿದ್ದರು. ಈಗ ನಿಮ್ಮ ತಿಥಿಯೇ ಆಗಿಹೋಗಿದೆ, ಶಾಸ್ತ್ರದ ಪ್ರಕಾರ ನೀವು ನನಗೆ ಏನೂ ಅಲ್ಲ. ಅದಕ್ಕೇ ಧೈರ್ಯವಾಗಿ ಬರೆದೆ. ಬರೆದು ನೋಡಿದರೆ ಹೆಸರೇನೋ ಚೆನ್ನಾಗಿಯೇ ಇದೆ.

ನಿಮ್ಮ ಮೂರೂ ಕಾಗದಗಳು ಬಂದು ಸೇರಿದವು. ಬೊಂಬಾಯಿಯಲ್ಲಿ ನಾಲ್ಕು ವರ್ಷ ಇದ್ದು ಬರೆದದ್ದಕ್ಕಿಂತ, ಸತ್ತ ಮೇಲೆ ಒಂದು ತಿಂಗಳಲ್ಲಿ ಬರೆದದ್ದೇ ಹೆಚ್ಚು. ಮೂರರಲ್ಲೂ ಒಂದೇ ಪ್ರಶ್ನೆ, ಯಾವಾಗ ಬರಲಿ ಎಂದು. ಉತ್ತರ ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡಿ. ಇಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಸಂಕ್ರಾಂತಿ ಕಳೆದ ನಾಲ್ಕನೇ ದಿನ, ಬೊಂಬಾಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಹೊತ್ತಿ ಒಳಗಿದ್ದವರೆಲ್ಲ ಹೋದರೆಂದು ಸುದ್ದಿ ಬಂತು. ಸತ್ತವರ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ನಿಮ್ಮ ಮಿಲ್ಲಿನ ಯಜಮಾನರು ಮಗ್ಗದ ಬಿಡಿಭಾಗ ತರಲು ನಿಮ್ಮ ಹೆಸರಿನಲ್ಲಿ ಟಿಕೆಟ್ ತೆಗೆಸಿದ್ದರಂತೆ. ಪೊಲೀಸಿನವರು ಬಂದು ನಿನ್ನ ಗಂಡನ ಹೆಸರೇನಮ್ಮ ಎಂದು ನನ್ನನ್ನೇ ಕೇಳಿದರು. ನಾನು ಸೆರಗು ಬಾಯಿಗೆ ಹಿಡಿದು ನಿಂತೆ. ಅವರು ಮತ್ತೆ ಮತ್ತೆ ಕೇಳಿದ್ದು ನೋಡಲಾರದೆ ಎದುರುಮನೆ ಬಸಮ್ಮ, "ಗಂಡನ್ ಹೆಸರ ಎಂಗ್ ಹೇಳಾಳು ಸ್ವಾಮಿ, ನಿಂಗಯ್ಯ ಅಂತ ಬರ್ಕೊಳಿ" ಎಂದಳು. ಅವರು ಬರೆದುಕೊಂಡು ಹೋದರು.

ಮಾರನೆಯ ದಿನ ಲಾರಿಯಲ್ಲಿ ಒಂದು ಪೆಟ್ಟಿಗೆ ಬಂತು. ಜೇಬಿನಲ್ಲಿ ನಿಮ್ಮ ಹೆಸರಿನ ಟಿಕೆಟ್ಟು ಅರ್ಧ ಉಳಿದಿತ್ತಂತೆ. ಬೆಂಕಿಯಲ್ಲಿ ಬೆಂದವನನ್ನು ಮತ್ತೆ ಬೆಂಕಿಗೆ ಕೊಡಬೇಡಿ ಎಂದು ಅತ್ತೆ ಹಟ ಹಿಡಿದರು, ಮಣ್ಣು ಮಾಡಿದೆವು. ನನ್ನ ಬಳೆ ಒಡೆದರು, ತಾಳಿ ತೆಗೆದರು. ಹನ್ನೊಂದನೇ ದಿನ ತಿಥಿ. ಎಡೆಗೆ ನಿಮಗಿಷ್ಟವೆಂದು ಕಜ್ಜಾಯ ಮಾಡಿ, ಅವರೆಕಾಳಿನ ಸಾರು ಮಾಡಿ ಇಟ್ಟಿದ್ದೆವು. ಚೆನ್ನಾಗಿತ್ತೆಂದು ಬಂದವರೆಲ್ಲ ಹೇಳಿದರು.

ಹದಿನಾಲ್ಕನೇ ದಿನ ನಿಮ್ಮ ತಂತಿ ಬಂತು. ಅದನ್ನು ತಂದ ಅಂಚೆಯ ಜವರಯ್ಯನಿಗೆ ಸಾವಿನ ಮನೆಗೆ ತಂತಿ ಕೊಡಲು ಕೈ ಬರಲಿಲ್ಲವಂತೆ. ಇಂಗ್ಲಿಷ್ ಬಲ್ಲವರ ಹತ್ತಿರ ಓದಿಸಿಕೊಂಡು ಬಂದು ಬಾಗಿಲಲ್ಲೇ ಕೂಗಿದ: "ನಿಂಗಯ್ಯ ಬದ್ಕವ್ನೆ ಕಣವ್ವೋ! ಪಂಢರಪುರಕ್ ಹೋಗ್ಬುಟ್ಟಿದ್ನಂತೆ!" ಅತ್ತೆ ಅಳುತ್ತ ನಗುತ್ತ ನಿಮ್ಮನ್ನು ಬೈದರು. ಬದುಕಿದೀನಿ ಅಂತ ಹೇಳಕ್ಕೆ ಹದಿನಾಲ್ಕು ದಿನ ಬೇಕಾಯ್ತಾ ಅವನಿಗೆ ಎಂದು. ಬೈದು ಸುಸ್ತಾಗಿ ಎರಡು ಮುದ್ದೆ ಉಂಡರು. ಮಿಲ್ಲಿಗೆ ಹಿಂದಿರುಗಿ ನಿಮ್ಮ ಫೋಟೋಗೆ ಹಾರ ಹಾಕಿದ್ದನ್ನು ನೀವೇ ನೋಡಿದ ಸಂಗತಿಯನ್ನು ನಿಮ್ಮ ಕಾಗದದಲ್ಲಿ ಓದಿ ನಾವಿಬ್ಬರೂ ನಕ್ಕೆವು.

ಆದರೆ ಅದೇ ಕಾಗದದ ಕೆಳಗೆ, ನಾವು ಮಣ್ಣು ಮಾಡಿದ್ದು ಯಾರನ್ನು ಎಂಬುದೂ ಇತ್ತು. ಬೋಗಾದಿಯ ಕೆಂಪಯ್ಯ, ನಿಮ್ಮ ಜೊತೆ ಮಿಲ್ಲಿನಲ್ಲಿದ್ದವರು. ಊರಲ್ಲಿ ಹೆಣ್ಣುಮಗು ಹುಟ್ಟಿ ತಿಂಗಳಾಗಿತ್ತು, ಮುಖ ನೋಡಲು ಹಂಬಲಿಸುತ್ತಿದ್ದರು, ಕನಿಕರದಿಂದ ನನ್ನ ಟಿಕೆಟ್ ಕೊಟ್ಟೆ ಎಂದಿದ್ದೀರಿ. ಸುದ್ದಿ ಹೇಳಲು ಹಿರಿಯರು ಬೋಗಾದಿಗೆ ಹೊರಟಾಗ ನಾನೂ ಹೋದೆ. ಬಾಗಿಲಲ್ಲಿ ಹೊಸ ರಂಗೋಲಿ ಇತ್ತು. ಅವರ ಹೆಂಡತಿ ಪ್ರೇಮಮ್ಮ ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅದರಾಚೆ ನಾನು ಬರೆಯಲಾರೆ. ಆಮೇಲಿನಿಂದ ವಾರಕ್ಕೊಮ್ಮೆ ಹೋಗಿ ಬರುತ್ತೇನೆ, ಮಗುವಿಗೆ ನಾನೇ ಅಂಗಿ ಹೊಲಿದಿದ್ದೇನೆ. ನನ್ನನ್ನು ಕಂಡರೆ ನಗುತ್ತದೆ.

ಕನಿಕರ ನಿಜವಿರಬಹುದು. ನಿಮ್ಮ ಮೂರನೇ ಕಾಗದದಲ್ಲಿ ಬರೆದು ಹೊಡೆದುಹಾಕಿದ ಒಂದು ಸಾಲಿದೆ. ಅದನ್ನು ಬೆಳಕಿಗೆ ಹಿಡಿದು ಓದಿದೆ. "ನಿನ್ನ ಮುಖ ನೋಡಲು ಅಂಜಿ" ಎಂದಿದೆ. ಮೂರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆ ಎಂದು ಹೋದವರು ನಾಲ್ಕು ವರ್ಷ ಈ ಕಡೆ ತಲೆ ಹಾಕದಿದ್ದರೆ ಅಂಜಿಕೆ ಆಗಲೇಬೇಕು. ಆ ಸಾಲನ್ನು ಹೊಡೆದುಹಾಕಬಾರದಿತ್ತು. ನೀವು ಬರೆದದ್ದರಲ್ಲೆಲ್ಲ ನನಗೆ ಹಿಡಿಸಿದ್ದು ಅದೊಂದೇ.

ಇನ್ನು ನಿಮ್ಮ ಬರುವಿಕೆ. ತಿಥಿಯಾದವರು ಹಾಗೇ ಹೊಸ್ತಿಲು ದಾಟುವಂತಿಲ್ಲವಂತೆ. ಜೋಯಿಸರು ಪುಸ್ತಕ ನೋಡಿ ಹೇಳಿದರು, ನೀವು ಮೊದಲು ಹುಟ್ಟಬೇಕು. ಮೈಗೆ ತುಪ್ಪ ಸವರಿ ಮೀಯಿಸಿ, ನಾಲಿಗೆಗೆ ಜೇನು ಮುಟ್ಟಿಸಿ, ತೊಟ್ಟಿಲಲ್ಲಿ ತಲೆಯನ್ನಾದರೂ ಇಡಿಸಿ ಹೆಸರು ಕರೆಯಬೇಕು. ಅತ್ತೆ ಬಸಮ್ಮನ ಮನೆಯ ತೊಟ್ಟಿಲು ತಂದು ತೊಳೆದಿಟ್ಟಿದ್ದಾರೆ. ಮೂವತ್ತಾರು ವರ್ಷದ ಕೂಸನ್ನು ನೋಡಲು ಬೀದಿಗೆ ಬೀದಿಯೇ ಕಾದಿದೆ, ಮೀಸೆ ತೆಗೆಸಿಕೊಂಡು ಬಂದರೆ ಒಳ್ಳೆಯದು. ಅದಾದ ಮೇಲೆ ನನಗೆ ಹೊಸದಾಗಿ ತಾಳಿ ಕಟ್ಟಬೇಕು.

ಅಷ್ಟು ಹೇಳಿ ಜೋಯಿಸರು ನನ್ನ ಕಡೆ ತಿರುಗಿ, ಹೆಣ್ಣಿನ ಒಪ್ಪಿಗೆ ಕೇಳಬೇಕಲ್ಲ, ನಿನಗೆ ಒಪ್ಪಿಗೆಯೇನಮ್ಮ ಎಂದರು. ಮನೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಹದಿನೈದನೇ ವಯಸ್ಸಿನಲ್ಲಿ ನಿಮಗೆ ಕೊಟ್ಟಾಗ ಯಾರೂ ಕೇಳಿರಲಿಲ್ಲ. ಸೀರೆಯ ಬಣ್ಣವನ್ನೂ ಕೇಳಿರಲಿಲ್ಲ. ಯೋಚಿಸಲು ಎಂಟು ದಿನ ಬೇಕು ಎಂದೆ. ಅತ್ತೆ ಬಿಟ್ಟ ಬಾಯಿ ಮುಚ್ಚಲಿಲ್ಲ.

ಆ ಎಂಟು ದಿನ ನಾನು ರಾಣಿಯ ಹಾಗಿದ್ದೆ ಕಣ್ರೀ. ಅತ್ತೆಯೇ ಕಾಫಿ ಮಾಡಿ ಹೊಲಿಗೆ ಮಿಷನ್ನಿನ ಹತ್ತಿರ ತಂದಿಟ್ಟು, "ಏನವ್ವ, ಮನ್ಸು ಯಾವ್ ಕಡೆ ಅದೆ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಆಗಲಿ ನೋಡೋಣ ಎನ್ನುತ್ತಿದ್ದೆ. ಬೇಡ ಎಂದರೂ ನಡೆಯುತ್ತದೆ, ನನ್ನ ಹೊಲಿಗೆ ನನ್ನನ್ನು ಸಾಕುತ್ತದೆ ಎಂದು ಗೊತ್ತಾದಾಗ ಮನಸ್ಸು ಹಗುರವಾಯಿತು. ಹಗುರವಾದ ಮೇಲೆ ನೋಡಿದರೆ, ನೀವು ಬೇಕು ಎಂದೇ ಅನ್ನಿಸಿತು. ಸುಳ್ಳೇಕೆ ಹೇಳಲಿ, ಆ ಕಾಗದಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹಾಗಾಗಿ ನನಗೆ ಒಪ್ಪಿಗೆ. ಯುಗಾದಿ ಕಳೆದ ಮೊದಲ ಸೋಮವಾರಕ್ಕೆ ಇಟ್ಟುಕೊಂಡಿದ್ದಾರೆ. ಆದರೆ ರೈಲಿಳಿದವರು ಮನೆಗೆ ಬರಬೇಡಿ, ನೆಟ್ಟಗೆ ಬೋಗಾದಿಗೆ ಹೋಗಿ. ಕನಿಕರವನ್ನೂ ಅಂಜಿಕೆಯನ್ನೂ ಪ್ರೇಮಮ್ಮನಿಗೆ ನಿಮ್ಮ ಬಾಯಿಂದಲೇ ಹೇಳಿ, ಆ ಮಗುವನ್ನು ಎತ್ತಿಕೊಂಡು ನಂತರ ಬನ್ನಿ. ಮುಂದೆ ಬೊಂಬಾಯಿಯಾಗಲಿ ಮೈಸೂರಾಗಲಿ, ನೀವಿದ್ದಲ್ಲಿ ನಾನಿರಬೇಕು, ನಾನಿದ್ದಲ್ಲಿ ಮಿಷನ್ನು ಇರಬೇಕು.

ಇಂತಿ,
ಸದ್ಯಕ್ಕೆ ನಿಮಗೆ ಏನೂ ಅಲ್ಲದ
ಮಂಗಳಮ್ಮ

ವಿ. ಸೂ.: ಇದು ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಪೆಟ್ಟಿಗೆ ಬಂದಾಗ ಅತ್ತೆಗೆ ಜ್ಞಾನ ತಪ್ಪಿತ್ತು, ಬಟ್ಟೆ ಸರಿಸಿ ನೋಡಿದವಳು ನಾನೊಬ್ಬಳೇ. ಎಡಗಾಲಿನಲ್ಲಿ ಐದೂ ಬೆರಳಿದ್ದವು. ಗಾಡಿಚಕ್ರಕ್ಕೆ ಸಿಕ್ಕಿ ಹೋದ ನಿಮ್ಮ ಕಿರುಬೆರಳು ನನಗೆ ಗೊತ್ತಿಲ್ಲವೇ? ಪೆಟ್ಟಿಗೆ ಅದಲುಬದಲಾಗಿರಬಹುದೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ನನ್ನ ಕಡೆಗೆ ಬರುವ ವಿಮಾನವನ್ನು ನೀವು ಹತ್ತುವವರಲ್ಲವೆಂದು ನನಗೆ ಖಾತ್ರಿಯಿತ್ತು. ಆದರೂ ಬಟ್ಟೆ ಮುಚ್ಚಿ ಸುಮ್ಮನಾದೆ. ಇವನಲ್ಲ ಎಂದಿದ್ದರೆ, ಹಾಗಾದರೆ ನಿನ್ನ ಗಂಡ ಎಲ್ಲಿ ಎಂದು ಕೇಳುತ್ತಿದ್ದರು. ನಾಲ್ಕು ವರ್ಷ ಅದಕ್ಕೆ ಸುಳ್ಳು ಹೇಳಿ ಸಾಕಾಗಿತ್ತು, ವಿಧವೆಯನ್ನಾದರೆ ಯಾರೂ ಕೇಳುವುದಿಲ್ಲ. ಹದಿನಾಲ್ಕು ದಿನ ಅತ್ತೆ ಅತ್ತದ್ದನ್ನು ನೋಡಿಕೊಂಡೇ ಇದ್ದೆ. ಅವರಿಗೆ ಇನ್ನೂ ಹೇಳಿಲ್ಲ. ಪ್ರೇಮಮ್ಮನಿಗೆ ಹೋದ ವಾರ ಹೇಳಿದೆ. ಮಗುವಿನ ಅಂಗಿ ಸರಿಮಾಡಿ, "ಬುಡಿ ಅಕ್ಕ, ಅಷ್ಟ್ ದಿನ ನಾನು ಮುತ್ತೈದೆಯಾಗಿದ್ನಲ್ಲ" ಎಂದಳು. ನೀವು ಎಲ್ಲೋ ಬದುಕಿದ್ದೀರೆಂದು ಗೊತ್ತಿದ್ದೂ ತಾಳಿ ತೆಗೆಯಲು ಕತ್ತು ಬಗ್ಗಿಸಿದವಳು ನಾನು. ನನ್ನ ಒಪ್ಪಿಗೆಯನ್ನು ಬರೆದಾಯಿತು. ಇದನ್ನು ಓದಿದ ಮೇಲೆ ನಿಮ್ಮದನ್ನು ತಿಳಿಸಿ.